ಬರೀ ನೆಗಡಿ ಅಂದವರು

ವ್ಯಾಯಾಮ ಕಲಿಸುವವರನ್ನು ಜನ ಹೊಟ್ಟೆ ಕರಗಿಸುವುದು ಹೇಗೆ ಎಂದು ಕೇಳುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಕೇಳುತ್ತಾರೆ, ಸೇರಿದ ಮೊದಲ ವಾರ. ಆಮೇಲೆ ವರ್ಷಗಟ್ಟಲೆ ಕೇಳುವ ಪ್ರಶ್ನೆ ಬೇರೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಮೂಗು ಒರೆಸಿಕೊಳ್ಳುತ್ತ, ನೆಗಡಿ ಆಗುವ ಹಾಗಿದೆ, ಇವತ್ತು ಮಾಡಲೋ ಬೇಡವೋ ಎಂದು ಕೇಳುತ್ತಾರೆ. ಗುಜರಾತಿಯಲ್ಲಿ, ಹಿಂದಿಯಲ್ಲಿ, ಅಪರೂಪಕ್ಕೆ ನಮ್ಮ ಕನ್ನಡದಲ್ಲಿ. ಕೇಳುವಾಗಲೇ ಅವರ ಒಂದು ಕಾಲು ಒಳಗೆ ಬಂದಿರುತ್ತದೆ. ಉತ್ತರ ಅವರಿಗೆ ಬೇಕಿರುವುದಿಲ್ಲ. ನಿಮ್ಮ ಬಾಯಿಂದ ಒಂದು 'ಹೂಂ' ಬಿದ್ದರೆ ಸಾಕು.

ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ನನ್ನ ಬಳಿ ಬಂದಾಗ ಯಂತ್ರಗಳ ಬಗ್ಗೆ, ಪ್ರೋಟೀನ್ ಪುಡಿಯ ಬಗ್ಗೆ ಕೇಳುತ್ತಾರೆ. ನಾನು ನೆಗಡಿಯ ಮಾತು ತೆಗೆದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಧಾರವಾಡದಲ್ಲಿ ದೈಹಿಕ ಶಿಕ್ಷಣದ ಪದವಿ ಮುಗಿಸಿದ ವರ್ಷವೇ ನನ್ನ ಮದುವೆಯಾಯಿತು. ನಮ್ಮವರಿಗೆ ರೈಲ್ವೆಯಲ್ಲಿ ಕೆಲಸ. ಅವರಿಗೆ ಎಲ್ಲಿ ವರ್ಗವಾಯಿತೋ ಅಲ್ಲಿ ನಾನೂ ಒಂದು ಕೆಲಸ ಹುಡುಕಿಕೊಂಡೆ. ಮೊದಲು ಸೂರತ್, ಆಮೇಲೆ ಅಹಮದಾಬಾದ್, ಕೊನೆಗೆ ವಡೋದರಾ.

ಸೂರತ್ತಿನ ವರಾಛಾದಲ್ಲಿ ಒಂದು ಹಳೆಯ ವ್ಯಾಯಾಮಶಾಲೆ. ಕೆಳಗಿನ ಎರಡು ಅಂತಸ್ತಿನಲ್ಲಿ ವಜ್ರ ಉಜ್ಜುವ ಕಾರ್ಖಾನೆ, ಮೇಲೆ ನಾವು. ಹಗಲೆಲ್ಲ ಚಕ್ರಗಳ ಸಣ್ಣ ಗುಂಯ್‌ಗುಡುವಿಕೆ ನೆಲದಿಂದ ಅಂಗಾಲಿಗೆ ಹತ್ತುತ್ತಿತ್ತು. ಹೆಂಗಸರ ತಂಡ ನನ್ನದು. ನನ್ನ ಮೇಲೆ ಒಬ್ಬ ವಯಸ್ಸಾದ ಗುರುಗಳಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನೆಗಡಿ ಎಂದರೆ ಒಳಗೆ ಸೇರಿಕೊಂಡ ನೀರು, ಬೆವರಿನಲ್ಲಿ ಹೊರಗೆ ಹಾಕಬೇಕು ಎನ್ನುವುದು ಅವರ ಶಾಸ್ತ್ರ. ನೆಗಡಿಯಾದವರನ್ನೆಲ್ಲ ಒಂದು ಸಣ್ಣ ಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ಕೆಂಡದ ಮೇಲೆ ಓಮ ಹಾಕಿ ಹೊಗೆ ಎಬ್ಬಿಸಿ, ಅದರೊಳಗೆ ಬಸ್ಕಿ ಹೊಡೆಸುತ್ತಿದ್ದರು. ಮನೆಯಲ್ಲಿ ತುಪ್ಪ, ಬೆಲ್ಲ, ಶುಂಠಿ ಹಾಕಿದ ಸಜ್ಜೆಹಿಟ್ಟಿನ ಬಿಸಿ ಗಂಜಿ ಕುಡಿದು ಬಂದಿರಬೇಕು ಎನ್ನುವುದು ಅವರ ಕಟ್ಟಪ್ಪಣೆ. ನಾನು ಕಾಲೇಜಿನಲ್ಲಿ ಓದಿದ್ದು ಅವರೆದುರು ಬಾಯಿಬಿಡುವಷ್ಟು ಇರಲಿಲ್ಲ.

ಒಮ್ಮೆ ಮಳೆಗಾಲದಲ್ಲಿ ಹಂಸಾಬೆನ್ ಎಂಬ ಹೆಂಗಸು ಆ ಕೋಣೆಯೊಳಗೆ ಹೋದಳು. ಇನ್ನೂ ಮೂರ್ನಾಲ್ಕು ಜನ ಅವಳ ಜೊತೆಗಿದ್ದರು. ಹೊಗೆಯಲ್ಲಿ ಮುಖ ಕಾಣುತ್ತಿರಲಿಲ್ಲ, ಎಣಿಕೆ ಮಾತ್ರ ಕೇಳುತ್ತಿತ್ತು. ಎಲ್ಲರೂ ಒಟ್ಟಿಗೆ ಎಣಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಉಸ್ತಾದ್ ಸಾಕು ಎಂದರು. ಎಲ್ಲರ ದನಿ ನಿಂತಿತು, ಒಂದು ದನಿ ನಿಲ್ಲಲಿಲ್ಲ. ಅದು ಕೆಳಗಿನಿಂದ, ನೆಲದ ಹತ್ತಿರದಿಂದ ಬರುತ್ತಿತ್ತು. ಕಿಟಕಿ ತೆಗೆದು ನೋಡಿದರೆ ಹಂಸಾಬೆನ್ ಗೋಡೆಗೆ ಒರಗಿ ಬಿದ್ದಿದ್ದಳು. ಕೈಕಾಲು ಅಲುಗುತ್ತಿರಲಿಲ್ಲ, ಬಾಯಿ ಮಾತ್ರ ತಪ್ಪಿಲ್ಲದೆ ಎಣಿಸುತ್ತಲೇ ಇತ್ತು. ನೀರು ಚಿಮುಕಿಸಿ, ಹೊರಗೆ ಹೊತ್ತು ತಂದೆವು. ಒಂದು ವಾರ ಜ್ವರದಲ್ಲಿ ಮಲಗಿ ಎದ್ದಳು. ಆಮೇಲೆ ಸಿಕ್ಕಾಗ, ಆ ದಿನ ವ್ಯಾಯಾಮ ಮುಗಿಸಿ ತಾನೇ ನಡೆದು ಮನೆಗೆ ಹೋದೆ, ದಾರಿಯಲ್ಲಿ ಕೊತ್ತಂಬರಿ ಕೊಂಡೆ ಎಂದಳು. ಯಾವ ಅಂಗಡಿ ಎಂದೂ ಹೇಳಿದಳು. ಅವಳನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಮನೆಗೆ ಮುಟ್ಟಿಸಿದವಳು ನಾನು.

ಉಸ್ತಾದ್ ಕೋಣೆಗೆ ಬೀಗ ಹಾಕಿದರು. ಕಾರಣ ಹೇಳಲಿಲ್ಲ. ಓಮ ಸುಟ್ಟ ವಾಸನೆ ಬಂದರೆ ನನಗೆ ಇವತ್ತಿಗೂ ಆ ಎಣಿಕೆ ಕೇಳುತ್ತದೆ.

ಅಹಮದಾಬಾದಿಗೆ ಹೋಗುವ ಹೊತ್ತಿಗೆ ವಿಧಾನ ಬದಲಾಗಿತ್ತು. ತರಬೇತಿಯೊಂದರಲ್ಲಿ ಡಾಕ್ಟರೊಬ್ಬರು ಕುತ್ತಿಗೆಯ ಲೆಕ್ಕ ಕಲಿಸಿಕೊಟ್ಟರು. ನೀವೂ ಕಲಿತಿರುತ್ತೀರಿ. ಮೂಗು ಸೋರುವುದು, ಸೀನು, ಗಂಟಲ ಕೆರೆತ, ಹೀಗೆ ತೊಂದರೆ ಕುತ್ತಿಗೆಯ ಮೇಲೆಯೇ ಇದ್ದರೆ ಹಗುರವಾದ ನಡಿಗೆಯಂಥದ್ದು ಮಾಡಬಹುದು. ಎದೆ ಕಟ್ಟಿದ್ದರೆ, ಕೆಮ್ಮು ಆಳದಿಂದ ಬರುತ್ತಿದ್ದರೆ, ಮೈಕೈ ನೋವು, ಹೊಟ್ಟೆಯ ತೊಂದರೆ, ಜ್ವರ ಇದ್ದರೆ ಏನೂ ಮಾಡಬಾರದು. ಒಳ್ಳೆಯ ಲೆಕ್ಕ. ಎಷ್ಟೋ ಜನರನ್ನು ನಾನು ಇದರ ಮೇಲೆಯೇ ಮನೆಗೆ ಕಳಿಸಿದ್ದೇನೆ. ಎಲ್ಲಿ ತೊಂದರೆ, ಕೈಯಿಟ್ಟು ತೋರಿಸಿ ಎನ್ನುತ್ತಿದ್ದೆ. ಆದರೆ ಲೆಕ್ಕ ಜನರಿಗೂ ಗೊತ್ತಾಗಿಬಿಟ್ಟ ಮೇಲೆ ಎಲ್ಲರ ಕೈಯೂ ಗಂಟಲಿನಲ್ಲೇ ನಿಲ್ಲತೊಡಗಿತು.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಾನಿದ್ದದ್ದು ಅಪಾರ್ಟ್‌ಮೆಂಟೊಂದರ ಕ್ಲಬ್ಬಿನ ಜಿಮ್ಮು. ಕೊರೋನಾ ಕಳೆದ ಮೇಲೂ ಬಾಗಿಲಲ್ಲಿ ಹಣೆಗೆ ಹಿಡಿಯುವ ಜ್ವರದ ಗನ್ನು ಉಳಿದುಕೊಂಡಿತ್ತು. ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಪರದೆಯ ಮೇಲೆ ಬಂದದ್ದೇ ಅವನಿಗೆ ಸತ್ಯ. ಅಲ್ಲಿಗೆ ಮಹೇಶಭಾಯಿ ಎಂಬ ಬಿಲ್ಡರ್ ಬರುತ್ತಿದ್ದರು. ಬೆಳಿಗ್ಗೆ ಚಹದ ಜೊತೆ ಜ್ವರದ ಮಾತ್ರೆ ನುಂಗಿ ಬಂದರೆ ಗನ್ನು ಏನನ್ನೂ ತೋರಿಸುವುದಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಮ್ಯಾನೇಜರನೊಬ್ಬನನ್ನು ಬಿಟ್ಟು. ಒಂದು ದಿನ ಮಹೇಶಭಾಯಿ ಟ್ರೆಡ್‌ಮಿಲ್ ಹತ್ತಿದರು. ನಡೆದರು, ನಡೆದೇ ನಡೆದರು. ನಾನು ಅವರ ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಎದುರಿಗೆ ಹೋಗಿ ನೋಡಿದೆ. ಕಣ್ಣು ಮುಚ್ಚಿತ್ತು. ಗಾಬರಿಯಾಗಿ ಯಂತ್ರವನ್ನು ಮೆಲ್ಲಗೆ ನಿಲ್ಲಿಸಿದೆ. ಪಟ್ಟಿ ನಿಂತಿತು. ಅವರ ಕಾಲು ನಿಲ್ಲಲಿಲ್ಲ. ನಿಂತ ಪಟ್ಟಿಯ ಮೇಲೆ, ನಿಂತಲ್ಲೇ, ಅದೇ ವೇಗದಲ್ಲಿ ಹೆಜ್ಜೆ ಹಾಕುತ್ತಿದ್ದರು. ತೋಳು ಹಿಡಿದೆ, ಕಾದ ಹೆಂಚಿನ ಹಾಗಿತ್ತು. ಕೂರಿಸಿದ ಮೇಲೂ ಸ್ವಲ್ಪ ಹೊತ್ತು ಅವರ ಹಿಮ್ಮಡಿ ನೆಲವನ್ನು ತಟ್ಟುತ್ತಿತ್ತು. ಮ್ಯಾನೇಜರ್ ಓಡಿಬಂದವನು ಅವರ ಮಣಿಕಟ್ಟಿನ ವಾಚು ನೋಡಿ, ಇವತ್ತಿನ ಗುರಿ ಮುಟ್ಟಿದ್ದಾರಲ್ಲ ಎಂದ.

ಇವೆರಡನ್ನೂ ನಾನು ಮೊದಲೆಲ್ಲ ನಗೆಯ ಪ್ರಸಂಗಗಳ ಹಾಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ನಿಧಿಯ ಪ್ರಸಂಗದ ನಂತರ ಇವುಗಳ ಬಣ್ಣ ಬದಲಾಯಿತು.

ವಡೋದರಾದ ಫತೇಗಂಜ್‌ನಲ್ಲಿ ನನ್ನ ಕೊನೆಯ ಕೆಲಸ. ಕೇತನಭಾಯಿ ಎಂಬುವರ ಜಿಮ್ಮು. ನವರಾತ್ರಿಗೆ ಎರಡು ತಿಂಗಳು ಮುಂಚಿನಿಂದ ಅಲ್ಲಿ ಸಂಜೆ ಹೊತ್ತು ಗರ್ಬಾ ಅಭ್ಯಾಸ. ಯಂತ್ರಗಳನ್ನು ಗೋಡೆಗೆ ಸರಿಸಿ, ಹುಡುಗಿಯರು ದೊಡ್ಡ ಸುತ್ತು ಕಟ್ಟಿ ಚಪ್ಪಾಳೆ ಹೊಡೆಯುತ್ತ ಕುಣಿಯುತ್ತಿದ್ದರು. ದಮ್ಮು, ಮೊಣಕಾಲು, ಬೆನ್ನು ನೋಡಿಕೊಳ್ಳುವುದು ನನ್ನ ಪಾಲು. ಕೇತನಭಾಯಿ ತಮ್ಮ ತಂಡವನ್ನು ಸ್ಪರ್ಧೆಗೆ ಇಳಿಸುವವರಿದ್ದರು. ಅದಕ್ಕಾಗಿ ಒಂದು ವಿಶೇಷ ಕಟ್ಟಿದ್ದರು: ಕುಣಿತದ ಕೊನೆಯಲ್ಲಿ ಒಬ್ಬ ಹುಡುಗಿ ಸುತ್ತಿನಿಂದ ಜಾರಿ ನಡುವಿಗೆ ಬಂದು, ತಿರುಗುತ್ತ ತಿರುಗುತ್ತ ನೆಲಕ್ಕೆ ಇಳಿದು, ದೇವಿಯ ದೀಪದ ಮುಂದೆ ಬಿದ್ದವಳ ಹಾಗೆ ಮಲಗಿಬಿಡಬೇಕು. ಉಳಿದವರು ಅವಳ ಸುತ್ತ ವೇಗ ಏರಿಸಬೇಕು. ನಡುವಿಗೆ ಬರುವ ಆ ಹುಡುಗಿ ನಿಧಿ.

ನಿಧಿಯ ಅಪ್ಪ ಸುಧಾಕರ್ ಕುಂದಾಪುರದ ಕಡೆಯವರು. ಅಲ್ಲೇ ಎರಡು ಬೀದಿ ಆಚೆ ಅವರ ದೋಸೆ ಹೋಟೆಲು, ಹಾಸ್ಟೆಲ್ ಹುಡುಗರೇ ಗಿರಾಕಿಗಳು. ನಿಧಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಪ್ಪನ ಜೊತೆ ಕನ್ನಡ ಅಷ್ಟಕ್ಕಷ್ಟೆ, ನನ್ನ ಜೊತೆ ಒಂದು ಸಾಲಿನಲ್ಲಿ ಮೂರು ಭಾಷೆ. ಯೂನಿವರ್ಸಿಟಿಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು.

ಹಬ್ಬಕ್ಕೆ ಒಂದು ವಾರ ಇರುವಾಗ ಅವಳಿಗೆ ನೆಗಡಿಯಾಯಿತು. ನಾನು ಎರಡು ದಿನ ಬರಬೇಡ ಎಂದಿದ್ದೆ, ಬರಲಿಲ್ಲ. ಮೂರನೆಯ ದಿನ ಸಂಜೆ ಸುಧಾಕರ್ ತಾವೇ ಸ್ಕೂಟರಿನಲ್ಲಿ ಕರೆದುಕೊಂಡು ಬಂದರು. ಅವಳ ಮೂಗು ಒಣಗಿತ್ತು, ದನಿ ಸ್ವಚ್ಛವಾಗಿತ್ತು, ಮುಖದಲ್ಲಿ ಎಂದೂ ಇಲ್ಲದ ಕಳೆ ಇತ್ತು. ಆ ಕಳೆಯೇ ನನಗೆ ಹಿಡಿಸಲಿಲ್ಲ. ಜೊತೆಗೆ ಅವಳು ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿದುಕೊಂಡಿದ್ದನ್ನು ನೋಡಿದ್ದೆ. ಆ ವಯಸ್ಸಿನವರು ಕಟಾಂಜನ ಹಿಡಿಯುವುದಿಲ್ಲ.

"ಖಾಲಿ ಶರದಿ ಛೇ, ಆಂಟಿ," ಎಂದಳು, ಬರೀ ನೆಗಡಿ ಅಷ್ಟೆ ಎಂದು. "ಅದೂ ಹೋಯ್ತು. ಇದ್ರೂ ನಿಮ್ಮ ರೂಲ್ ಪ್ರಕಾರ ಕುತ್ತಿಗೆ ಮೇಲೇ ಇದೆ. ನೋಡಿ." ಕೈಯಿಟ್ಟು ತೋರಿಸಿದಳು, ನಗುತ್ತ.

ನಾನು ಸುಧಾಕರ್ ಅವರಿಗೆ, ಇವತ್ತು ಬ್ಯಾಡ್ರಿ, ಇನ್ನೊಂದೆರಡು ದಿನ ಮನ್ಯಾಗ ಇರಲಿ ಅಂದೆ. ಅವರು ಹೆಲ್ಮೆಟ್ ತೆಗೆಯದೆ ನಕ್ಕರು.

"ಎಂತ ಅಕ್ಕ, ಶೀತಕ್ಕೆಲ್ಲ ರಜೆ ಹಾಕಿದ್ರೆ ಹೋಟೆಲು ನಡೀತದಾ? ಇಪ್ಪತ್ತು ವರ್ಷದಲ್ಲಿ ಒಂದು ದಿನ ಕೂತವನಲ್ಲ ನಾನು. ಶೀತ ಬಂತಾ, ಕಾವಲಿ ಎದುರು ಹೋಗಿ ನಿಲ್ಲೂದು. ಬೆವರು ಇಳೀತು ಅಂದ್ರೆ ಶೀತ ಗಿರಾಕಿ ಹಾಗೆ ಎದ್ದು ಹೋಗ್ತದೆ."

"ಗಿರಾಕಿ ಬಿಲ್ ಕೊಟ್ಟು ಹೊಕ್ಕಾನ್ರಿ ಸುಧಾಕರ್ ಅವ್ರ, ಇದು ಹಂಗಲ್ಲ," ಎಂದೆ. ಅವರು ಇನ್ನೂ ಜೋರಾಗಿ ನಕ್ಕು ಹೋಟೆಲಿನ ಹೊತ್ತಾಯಿತೆಂದು ಹೊರಟುಬಿಟ್ಟರು.

ಅವರು ಹೋದ ಮೇಲೆ ನಿಧಿಯನ್ನು ಬೆಂಚಿನ ಮೇಲೆ ಕೂರಿಸಿ ನಾಡಿ ಹಿಡಿದೆ. ಇದು ಯಾವ ತರಬೇತಿಯಲ್ಲೂ ಯಾರೂ ಒತ್ತಿ ಹೇಳದ ಮಾತು, ಇಲ್ಲಿ ಹೇಳಿಬಿಡುತ್ತೇನೆ. ಮೂಗು ಸುಳ್ಳು ಹೇಳುತ್ತದೆ, ಗಂಟಲು ಸುಳ್ಳು ಹೇಳುತ್ತದೆ, ಮಾತ್ರೆ ನುಂಗಿದ ಹಣೆ ಸುಳ್ಳು ಹೇಳುತ್ತದೆ. ಸುಮ್ಮನೆ ಕುಳಿತವರ ನಾಡಿ ನೋಡಿ. ನಿಧಿ ಸುಮ್ಮನೆ ಕುಳಿತಿದ್ದಳು, ಅವಳ ನಾಡಿ ಓಡುತ್ತಿತ್ತು. ಓಡುವುದಷ್ಟೇ ಅಲ್ಲ, ನಡುವೆ ಒಮ್ಮೊಮ್ಮೆ ಮೆಟ್ಟಿಲು ತಪ್ಪಿದವರ ಹಾಗೆ ತಡವರಿಸುತ್ತಿತ್ತು. ಮಾತ್ರೆ ತಗೊಂಡಿಯಾ ಎಂದೆ. ಬೆಳಿಗ್ಗೆ ಒಂದು, ಬರುವಾಗ ಒಂದು ಎಂದಳು. ಇವತ್ತು ನೀನು ಬೆಂಚು ಬಿಟ್ಟು ಏಳಬಾರದು, ಮುಗಿದ ಮೇಲೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಮುಖ ಊದಿಸಿಕೊಂಡಳು, ಆದರೆ ಕುಳಿತಳು.

ಕೇತನಭಾಯಿಗೆ ಸಿಟ್ಟು ಬಂತು. ನಡುವಿನ ಹುಡುಗಿಯೇ ಇಲ್ಲದೆ ಏನು ಅಭ್ಯಾಸ, ಬೆನ್, ಶರದಿಗೆ ಹೆದರಿದರೆ ವಡೋದರಾದಲ್ಲಿ ನವರಾತ್ರಿಯೇ ಆಗುವುದಿಲ್ಲ ಎಂದು ಎಲ್ಲರೆದುರು ಅಂದರು. ನಾನು ಪಟ್ಟು ಬಿಡಲಿಲ್ಲ. ಅವರು ಗೊಣಗುತ್ತ ಹೋಗಿ ಹಾಡು ಹಚ್ಚಿದರು.

ಮುಂದಿನದನ್ನು ನಾನು ದಿನವೂ ನೋಡುತ್ತೇನೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ. ಹೇಳುವುದು ಬೇಗ ಮುಗಿಯುತ್ತದೆ, ನೋಡುವುದು ಮುಗಿಯುವುದಿಲ್ಲ.

ನಾನು ಜಿಮ್ಮಿನ ಆ ತುದಿಯಲ್ಲಿ ಮೊಣಕಾಲು ಹಿಡಿದುಕೊಂಡಿದ್ದ ಹುಡುಗಿಯೊಬ್ಬಳಿಗೆ ಪಟ್ಟಿ ಸುತ್ತುತ್ತಿದ್ದೆ. ತಲೆಯೆತ್ತಿದಾಗ ಬೆಂಚು ಖಾಲಿ. ಸುತ್ತಿನಲ್ಲಿ ಹುಡುಕಿದೆ. ಗೆಳತಿಯೊಬ್ಬಳು ಕೈ ಹಿಡಿದು ಎಳೆದುಕೊಂಡಿದ್ದಳಂತೆ. ನಿಧಿ ನನ್ನ ಮುಂದೆಯೇ ಹಾದುಹೋದಳು. ಹೆಜ್ಜೆ ಸರಿಯಾಗಿತ್ತು. ನಗುವೂ ಇತ್ತು. ಅವಳ ಚಪ್ಪಾಳೆ ಮಾತ್ರ ಎಲ್ಲರ ಚಪ್ಪಾಳೆಯ ನಂತರ, ಒಂದು ಕೂದಲೆಳೆಯಷ್ಟು ತಡವಾಗಿ, ಬೇರೆಯಾಗಿ ಕೇಳಿಸಿತು. ನಾನು ಕೂಗಿದೆ. ಆ ಹಾಡಿನ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಗೋಡೆಯ ಕನ್ನಡಿಗಳಲ್ಲಿ ಸುತ್ತು ಹಿಂದುಮುಂದಾಗಿ ತಿರುಗುತ್ತಿತ್ತು. ಎರಡು ಸುತ್ತುಗಳು, ಎರಡು ನಿಧಿ, ಒಬ್ಬಳು ನನ್ನ ಕಡೆಗೆ ಬರುತ್ತ, ಒಬ್ಬಳು ದೂರ ಹೋಗುತ್ತ. ಮತ್ತೆ ಹಾದುಹೋದಳು. ಈಗ ಮುಖದಲ್ಲಿ ಬಣ್ಣವೇ ಇರಲಿಲ್ಲ. ನಗು ಹಾಗೆಯೇ ಅಂಟಿಕೊಂಡಿತ್ತು.

ಹಾಡು ನಿಲ್ಲಿಸಲು ಕೇತನಭಾಯಿಯ ಕಡೆಗೆ ಓಡಿದೆ. ಅಷ್ಟರಲ್ಲಿ ಅವಳು ಸುತ್ತಿನಿಂದ ಜಾರಿ ನಡುವಿಗೆ ಬಂದಳು. ತಿರುಗಿದಳು. ತಿರುಗುತ್ತ ನೆಲಕ್ಕೆ ಇಳಿದಳು. ಮಲಗಿದಳು.

ಹಾಡು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ನಡುವಿಗೆ ಬರುವ ಹೊತ್ತಲ್ಲ ಅದು. ಆದರೆ ಬೀಳುವುದು ಅವಳ ಪಾಲಿನ ಕುಣಿತವೇ ಆಗಿತ್ತಲ್ಲ. ಹುಡುಗಿಯರು ಅವಳು ತಾಳ ಮರೆತು ಮುಂಚೆಯೇ ಬಂದಳು ಎಂದುಕೊಂಡರು. ಕಲಿಸಿದ್ದ ಹಾಗೆ ವೇಗ ಏರಿಸಿದರು. ಅವಳು ಬಿಟ್ಟ ಜಾಗವನ್ನು ಸುತ್ತು ಮುಚ್ಚಿಕೊಂಡಿತು. ಕೇತನಭಾಯಿ ಖುಷಿಯಿಂದ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಅಷ್ಟೊಂದು ಕಾಲುಗಳ ನಡುವಿನಿಂದ ನನಗೆ ಅವಳ ಕಣ್ಣು ಕಂಡಿತು. ತೆರೆದಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ.

ಸುತ್ತನ್ನು ಸೀಳಿಕೊಂಡು ಒಳಗೆ ಹೋದೆ. ಯಾರದೋ ಮೊಣಕೈ ನನ್ನ ಕೆನ್ನೆಗೆ ಬಡಿಯಿತು. ನಾನು ಮಂಡಿಯೂರಿ ಕೂತದ್ದನ್ನು ನೋಡಿದ ಮೇಲೆ ಒಬ್ಬೊಬ್ಬರೇ ನಿಂತರು, ಹಾಡು ನಿಂತಿತು. ಕಿವಿಯೊಳಗೆ ಜುಮ್ಮೆನ್ನುವ ಮೌನ. ಯಾರೂ ಅಲುಗಲಿಲ್ಲ. ನಿಧಿಯ ತುಟಿ ಅಲುಗಿತು. ಬಾಗಿ ಕಿವಿಗೊಟ್ಟೆ.

"ಆಂಟಿ, ಅವರಿಗೆ ಚಪ್ಪಾಳೆ ನಿಲ್ಲಿಸೋಕೆ ಹೇಳಿ," ಎಂದಳು. ಪೂರ್ತಿ ಕನ್ನಡದಲ್ಲಿ, ಬಹಳ ಸಮಾಧಾನವಾಗಿ.

ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ನನ್ನ ಬೆರಳು ಅವಳ ಕುತ್ತಿಗೆಯ ಮೇಲಿತ್ತು. ಅಲ್ಲಿ ಅದು ಬಡಿಯುತ್ತಿತ್ತು, ಗುಂಪು ಗುಂಪಾಗಿ, ತಾಳವಿಲ್ಲದೆ. ಆಮೇಲೆ ನಿಂತಿತು.

ಎದೆ ಒತ್ತುವುದನ್ನು ನಾನು ಬೊಂಬೆಯ ಮೇಲೆ ಎಷ್ಟೋ ಸಲ ಕಲಿತಿದ್ದೆ, ಕಲಿಸಿದ್ದೆ. ಬೊಂಬೆ ಬೆಚ್ಚಗಿರುವುದಿಲ್ಲ. ಕೇತನಭಾಯಿಗೆ ಆಂಬುಲೆನ್ಸ್ ಎಂದು ಕೂಗಿ, ಒತ್ತಲು ಶುರುಮಾಡಿದೆ. ನನ್ನ ತೋಳು ಸೋತಾಗ ಅವರು ಒತ್ತಿದರು, ಅವರು ಸೋತಾಗ ನಾನು. ಆ ಮನುಷ್ಯ ಅಳುತ್ತಿದ್ದರು, ಆದರೆ ಕೈ ತಪ್ಪಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಹುಡುಗಿಯರು ಸುತ್ತು ಒಡೆಯದೆ ನಿಂತಲ್ಲೇ ನಿಂತಿದ್ದರು. ಆಂಬುಲೆನ್ಸಿನವರು ಬಂದು ಎದೆಗೆ ಶಾಕ್ ಕೊಡುವ ಯಂತ್ರ ಹಚ್ಚಿ ಒಮ್ಮೆ ಅವಳ ಮೈ ಎಗರಿಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ. ಆಗ ಅವರಲ್ಲೊಬ್ಬ ತಲೆಯಾಡಿಸಿ, ನಾಡಿ ಬಂತು ಎಂದ.

ನೆಗಡಿಯ ವೈರಸ್ಸು ಹೃದಯದ ಸ್ನಾಯುವಿಗೆ ಇಳಿದು ಅಲ್ಲಿ ಊತ ಬಂದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಪರೂಪ ಎಂದರು. ಹೌದು, ಅಪರೂಪವೇ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನೂರಾರು ಜನ ನೆಗಡಿಯಲ್ಲಿ ನನ್ನ ಮುಂದೆ ನಡೆದಿದ್ದಾರೆ, ಏನೂ ಆಗಿಲ್ಲ. ಆದರೆ ಊದಿಕೊಂಡ ಹೃದಯವನ್ನು ಕುಣಿಸಿದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಎರಡು ದಿನ ಕಳೆದುಕೊಂಡರೆ ಆಗುವ ನಷ್ಟ ಎರಡು ದಿನವಷ್ಟೆ.

ಐಸಿಯು ಹೊರಗೆ ಸುಧಾಕರ್ ಹೋಟೆಲಿನ ಏಪ್ರನ್ನಿನಲ್ಲೇ ನಿಂತಿದ್ದರು. ಕುರ್ಚಿ ಇತ್ತು, ಕೂರಲಿಲ್ಲ. ಅವರ ಹೆಂಡತಿ ಗೋಡೆಗೆ ಹಣೆ ಒತ್ತಿಕೊಂಡಿದ್ದಳು.

"ಬರೀ ಶೀತ ಅಲ್ವಾ ಅಕ್ಕ ಅದು?" ಎಂದರು.

"ಹೌದ್ರಿ," ಎಂದೆ.

"ಸ್ಕೂಟರಿಂದ ಇಳಿಯುವಾಗ ಕಾಲೆಲ್ಲ ನೋಯ್ತದೆ ಪಪ್ಪ ಅಂದ್ಲು. ಬೆವರಿದ್ರೆ ಸರಿಯಾಗ್ತದೆ ಹೋಗು ಅಂದೆ ನಾನು." ಮತ್ತೆ ಅದನ್ನೇ ಹೇಳಿದರು. ಮೂರನೆಯ ಸಲ ಹೇಳುವಾಗ ನಾನು ಅವರ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ.

ನಿಧಿ ಉಳಿದಳು. ಕೆಲವು ವಾರ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಮನೆ. ಮಹಡಿ ಹತ್ತಬಾರದು, ಭಾರ ಎತ್ತಬಾರದು, ಮುಖ್ಯವಾಗಿ ಓಡಬಾರದು. ಮತ್ತೆ ನೆಗಡಿ ಬಂದರೆ ಮಲಗಿಬಿಡಬೇಕು, ಅದರಲ್ಲಿ ವಾದವಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಪ್ಪತ್ತೊಂದರ ಹುಡುಗಿ ಅದನ್ನು ಎಷ್ಟು ದಿನ ಪಾಲಿಸಿಯಾಳು ಎನ್ನುವುದೇ ಎಲ್ಲರ ಭಯ. ಅವಳಮ್ಮ ನನಗೆ ಫೋನು ಮಾಡಿ, ನಾವು ಹೇಳಿದ್ರೆ ಕೇಳೂದಿಲ್ಲ, ಮನೆಯಲ್ಲಿ ಯಾರೂ ಇಲ್ಲದಾಗ ಹಾಡು ಹಾಕಿಕೊಳ್ತಾಳೆ ಎಂದು ಅಳುತ್ತಿದ್ದಳು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನು ಎದ್ದು ಹೊರಗೆ ಹೋಗಿಬಿಟ್ಟೆ.

ಡಾಕ್ಟರು ಮೆಲ್ಲಗೆ ನಡೆಯಬಹುದು ಎಂದ ಮೇಲೆ ಅವಳನ್ನು ನಡೆಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಬೆಳಿಗ್ಗೆ ಅವಳು ಸಿಟಿ ಬಸ್ಸಿನಲ್ಲಿ ಉದ್ಯಾನದ ಗೇಟಿಗೆ ಬರುತ್ತಾಳೆ. ಮೊದಲು ಕೈ ಚಾಚುತ್ತಾಳೆ, ನಾನು ನಾಡಿ ನೋಡುತ್ತೇನೆ. ಆಮೇಲೆ ಮರಗಳ ಕೆಳಗೆ ಮುದುಕರಿಗಿಂತ ನಿಧಾನವಾಗಿ ನಡೆಯುತ್ತೇವೆ. ಅವಳು ಮಾತಾಡುತ್ತಲೇ ಇರುತ್ತಾಳೆ. ಆ ಸಂಜೆಯದನ್ನು ಮಾತ್ರ ಒಮ್ಮೆಯೂ ಕೇಳಿಲ್ಲ, ನಾನೂ ಹೇಳಿಲ್ಲ.

ಮೊನ್ನೆ ಬಂದವಳು ಕೈ ಚಾಚಲಿಲ್ಲ. ಗೇಟಿನ ಹೊರಗೇ ನಿಂತಳು. ಗಾಳಿ ತಂಪಾಗಿತ್ತು, ಉದ್ಯಾನದೊಳಗೆ ಅವಳ ಗೆಳತಿಯರಿಬ್ಬರು ನಡೆಯುತ್ತ ಕೈ ಬೀಸುತ್ತಿದ್ದರು.

"ಆಂಟಿ, ಗಂಟಲು ಕೆರೀತಾ ಇದೆ," ಎಂದಳು. "ನಾನು ಮನೆಗೆ ಹೋಗ್ತೇನೆ."

ನನ್ನ ಉತ್ತರಕ್ಕೆ ಕಾಯಲಿಲ್ಲ. ತಿರುಗಿ ನಡೆದಳು. ಸ್ವಲ್ಪ ದೂರದ ನಿಲ್ದಾಣದಲ್ಲಿ ಅವಳ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಅವಳನ್ನು ನೋಡಿ, ಬೇಗ ಬಾ ಎಂದು ಕೈ ಮಾಡಿದ. ನಾಲ್ಕು ಹೆಜ್ಜೆ ಓಡಿದ್ದರೆ ಸಿಗುತ್ತಿತ್ತು. ನಾನು ಗೇಟಿನ ಸರಳು ಹಿಡಿದು ನಿಂತೆ. ಬಸ್ಸು ಹೊರಟಿತು. ನಿಧಿ ಅದೇ ನಡಿಗೆಯಲ್ಲಿ ನಿಲ್ದಾಣ ತಲುಪಿ, ಬೆಂಚಿನ ಮೇಲೆ ಕುಳಿತು, ಮುಂದಿನ ಬಸ್ಸಿಗೆ ಕಾಯತೊಡಗಿದಳು.